ಕೊಬ್ಬಿನೊಳಗಣ ಕಾವಲುಗಾರರು

ಭೌತವಿಜ್ಞಾನವನ್ನು ಬೋಧಿಸುವ ನನಗೆ ತಕ್ಕಡಿಯಲ್ಲಿ ಅಪಾರ ನಂಬಿಕೆ. ಆದರೆ ಅದು ಹೇಳುವುದು ಭಾರವನ್ನು ಮಾತ್ರ. ಆ ಭಾರವು ಯಾವುದರಿಂದಾಯಿತು, ಮೈಯಲ್ಲಿ ಎಲ್ಲಿ ಕೂಡಿತು ಎಂಬುದನ್ನು ಅದು ಹೇಳಲಾರದು. ಪುಣೆಯ ವೈದ್ಯರಾದ ಚಿತ್ತರಂಜನ ಯಾಜ್ಞಿಕರೂ ಇಂಗ್ಲೆಂಡಿನ ಜಾನ್ ಯುಡ್ಕಿನ್ನರೂ 2004ರಲ್ಲಿ ತಮ್ಮ ದೇಹಗಳನ್ನೇ ಉದಾಹರಣೆಯಾಗಿಟ್ಟು ಇದನ್ನು ತೋರಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣವನ್ನು ತಿಳಿಸುವ ಸೂಚ್ಯಂಕವು ಇಬ್ಬರಲ್ಲಿಯೂ 22.3 ಆಗಿತ್ತು. ಆದರೆ ಯುಡ್ಕಿನ್ನರ ದೇಹದಲ್ಲಿದ್ದ ಕೊಬ್ಬು ನೂರಕ್ಕೆ 9.1, ಯಾಜ್ಞಿಕರ ದೇಹದಲ್ಲಿದ್ದುದು 21.2! ತೆಳ್ಳಗೆ ಕಾಣುವ ಮೈಯೊಳಗೂ ಕೊಬ್ಬು ಅಡಗಿರಬಲ್ಲದು.

ಅಡಗಿದ್ದರೆ ಕೇಡೇನು? ಇದನ್ನರಿಯಲು ಕೊಬ್ಬೆಂದರೇನೆಂಬುದನ್ನು ಮೊದಲು ನೋಡೋಣ. ನಮ್ಮ ಚಿತ್ತಾಪುರ, ಸೇಡಂ ಕಡೆಯ ಹಿರಿಯರು ಮಿಕ್ಕ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ದೇಹದ ಹಗೇವೇ ಕೊಬ್ಬು. ಉಂಡು ಮಿಕ್ಕ ಶಕ್ತಿಯನ್ನು ಅದು ಕೂಡಿಟ್ಟು, ಬೇಕಾದಾಗ ಒದಗಿಸುತ್ತದೆ. ಆದರೆ ಇದು ಜೀವವಿಲ್ಲದ ಉಗ್ರಾಣವಲ್ಲ. ಕೊಬ್ಬಿನ ಜೀವಕೋಶಗಳ ನಡುವೆ ಕಾವಲುಗಾರ ಕೋಶಗಳೂ ವಾಸಿಸುತ್ತವೆ. ಇವುಗಳಲ್ಲಿ ಮುಖ್ಯವಾದವು ಮಹಾಭಕ್ಷಕಗಳು. ರೋಗಾಣುಗಳನ್ನು ನುಂಗುವುದೂ ಸತ್ತ ಕೋಶಗಳನ್ನು ತೆರವು ಮಾಡುವುದೂ ಇವುಗಳ ಕಾರ್ಯ.

ಹಗೇವು ಅಳತೆಮೀರಿ ತುಂಬಿದರೆ? ಕೊಬ್ಬಿನ ಕೋಶಗಳು ಉಬ್ಬುತ್ತವೆ, ಕೆಲವು ಸಾಯುತ್ತವೆ. ಸತ್ತ ಕೋಶವೊಂದರ ಸುತ್ತ ಮಹಾಭಕ್ಷಕಗಳು ಕಿರೀಟದಂತೆ ಮುತ್ತಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. 2003ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ತೆಳ್ಳಗಿನ ಇಲಿಗಳ ಕೊಬ್ಬಿನಲ್ಲಿರುವ ಕೋಶಗಳ ಪೈಕಿ ಮಹಾಭಕ್ಷಕಗಳು ನೂರಕ್ಕೆ 10ಕ್ಕಿಂತ ಕಡಮೆ; ಅತಿಸ್ಥೂಲ ಇಲಿಗಳಲ್ಲಿ 50ಕ್ಕೂ ಹೆಚ್ಚು! ಗಾಯವಾದಾಗ ಇವು ಎಬ್ಬಿಸುವ ಉರಿಯೂತವು ಕೆಲಸ ಮುಗಿದೊಡನೆ ಶಮನವಾಗುತ್ತದೆ. ಇಲ್ಲಿಯಾದರೋ ಕಾರಣವು ತೊಲಗದು; ಉರಿಯೂ ಆರದು. ಅದು ಮಂದವಾದುದರಿಂದ ನೋವಿಲ್ಲ, ಜ್ವರವಿಲ್ಲ. ವರ್ಷಗಟ್ಟಲೆ ನಮಗೆ ತಿಳಿಯುವುದೇ ಇಲ್ಲ.

ಇದರಿಂದಾಗುವ ಹಾನಿಯನ್ನು ವಾಡಿ ಜಂಕ್ಷನ್ನಿನ ನಿದರ್ಶನದಿಂದ ತಿಳಿಯಬಹುದು. ಸಿಗ್ನಲ್ ದೊರೆಯದಿದ್ದರೆ ಗಾಡಿಗಳು ನಿಲ್ದಾಣದ ಹೊರಗೇ ಸಾಲಾಗಿ ನಿಲ್ಲುತ್ತವೆ. ರಕ್ತದಲ್ಲಿರುವ ಸಕ್ಕರೆಯು ಸ್ನಾಯುಗಳೊಳಗೆ ಹೋಗಲು ಇನ್ಸುಲಿನ್ ಎಂಬ ರಸವು ಸಿಗ್ನಲ್ ಕೊಡಬೇಕು. ಮಹಾಭಕ್ಷಕಗಳು ಸ್ರವಿಸುವ ದ್ರವ್ಯಗಳು ಕೋಶದೊಳಗೆ ಈ ಸಂದೇಶವನ್ನು ಸಾಗಿಸುವ ಸರಪಳಿಯನ್ನು ಕೆಡಿಸುತ್ತವೆ. ಇನ್ಸುಲಿನ್ ಇದ್ದರೂ ಬಾಗಿಲು ಚೆನ್ನಾಗಿ ತೆರೆಯದು; ಸಕ್ಕರೆಯು ರಕ್ತದಲ್ಲಿಯೇ ನಿಲ್ಲುತ್ತದೆ. ಮೇದೋಜೀರಕ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ನನ್ನು ಸುರಿಸಿ ಕೊನೆಗೆ ಸೋತರೆ ಅದೇ ಮಧುಮೇಹ.

ಹಾಗಾದರೆ ಆ ದ್ರವ್ಯವನ್ನು ತಡೆದರಾಯಿತಲ್ಲವೇ? ಇವುಗಳಲ್ಲೊಂದಾದ ಟಿ.ಎನ್.ಎಫ್. ಎಂಬುದನ್ನು ಸ್ಥೂಲ ಇಲಿಗಳಲ್ಲಿ ತಡೆದಾಗ ಇನ್ಸುಲಿನ್ನಿನ ಪರಿಣಾಮ ಹೆಚ್ಚಿತೆಂದು 1993ರಲ್ಲಿ ಕಂಡುಬಂದಿತು. ಮಧುಮೇಹಿಗಳಲ್ಲಿ ಇದನ್ನೇ ಪ್ರಯತ್ನಿಸಿದಾಗ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಸರಪಳಿಯನ್ನು ಕೆಡಿಸುವ ದ್ರವ್ಯ ಒಂದೇ ಅಲ್ಲ. ತುಂಬಿ ತುಳುಕಿದ ಕೊಬ್ಬು ಯಕೃತ್ತಿಗೂ ಸ್ನಾಯುವಿಗೂ ಹರಿದು ತಾನೇ ತೊಡಕನ್ನು ತರುತ್ತದೆ. ಕಾವಲುಗಾರರನ್ನು ಕಟ್ಟಿಹಾಕುವುದೂ ಸರಿಯಲ್ಲ. ಅವರಿಲ್ಲದೆ ರೋಗಾಣುಗಳನ್ನು ಎದುರಿಸುವವರಾರು? ಹಗೇವಿನ ಹೊರೆಯನ್ನು ಇಳಿಸುವುದೇ ಮೂಲ ಚಿಕಿತ್ಸೆ. ತೂಕ ಇಳಿದವರಲ್ಲಿ ಈ ಮುತ್ತಿಗೆಯೂ ಸಡಿಲವಾದುದು ಕಂಡುಬಂದಿದೆ.

ಹೊಟ್ಟೆಯೊಳಗೆ, ಕರುಳಿನ ಸುತ್ತ ಕೂಡುವ ಕೊಬ್ಬೇ ಹೆಚ್ಚು ಅಪಾಯಕಾರಿ. ಆದುದರಿಂದ ತಕ್ಕಡಿಯ ಜತೆಗೆ ದರ್ಜಿಯ ಅಳತೆಪಟ್ಟಿಯೂ ಬೇಕು. ನಮ್ಮ ದೇಶದ ವಯಸ್ಕರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರಗೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ವಿದ್ಯಾರ್ಥಿಗಳೇ, ದಪ್ಪಗಿರುವ ಸಹಪಾಠಿಯನ್ನು ಕಂಡು ನಗಬೇಡಿರಿ. ತೆಳ್ಳಗಿದ್ದೇವೆಂದು ನಿಶ್ಚಿಂತರೂ ಆಗಬೇಡಿರಿ. ಇಂದು ಸಂಜೆ ಮನೆಯಲ್ಲಿ ತಂದೆತಾಯಿಗಳ ಸೊಂಟವನ್ನು ಅಳೆದು ನೋಡಿರಿ. ಅಂಕಿಯು ಮೇರೆ ಮೀರಿದ್ದರೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ದಿನವೂ ಅವರೊಡನೆ ನೀವೂ ನಡೆಯಿರಿ.