ಸೆರೆಮನೆಯಲ್ಲಿ ಜೋಡಿ ಸೋಂಕು

ಸೆರೆಮನೆಯ ಗೋಡೆಯು ಮನುಷ್ಯನನ್ನು ತಡೆಯಬಲ್ಲುದೇ ಹೊರತು ರೋಗವನ್ನು ತಡೆಯಲಾರದು. ಸಿದ್ಧಾರ್ಥನಗರದ ಮನೆಯೊಂದರಲ್ಲಿ ಓದುತ್ತಿರುವ ವಿದ್ಯಾರ್ಥಿಗೆ ಅದೇ ಮೈಸೂರಿನ ಕೇಂದ್ರ ಕಾರಾಗೃಹವು ಬೇರೊಂದು ಲೋಕವಾಗಿ ತೋರಬಹುದು. ಆದರೆ ಸೆರೆಯಲ್ಲಿರುವವರಲ್ಲಿ ಬಹುಮಂದಿ ಇಂದಲ್ಲ ನಾಳೆ ಊರಿಗೆ ಮರಳತಕ್ಕವರು. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ತೀರ್ಪು ಹೊರಬೀಳದ ವಿಚಾರಣಾಧೀನ ಬಂದಿಗಳು.

2021ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಪರೀಕ್ಷಿಸಲ್ಪಟ್ಟ ಬಂದಿಗಳ ಪೈಕಿ ನೂರಕ್ಕೆ ಸುಮಾರು ಇಬ್ಬರಲ್ಲಿ ಎಚ್.ಐ.ವಿ. ಸೋಂಕು ಕಂಡುಬಂದಿತು. ಆ ವರ್ಷ ದೇಶದ ವಯಸ್ಕರಲ್ಲಿ ಅದರ ಪ್ರಮಾಣವಾದರೋ ಸಾವಿರಕ್ಕೆ ಸುಮಾರು ಇಬ್ಬರು. ಈ ಅಂತರಕ್ಕೆ ಕಾರಣವೇನು? ಹಲವರು ಸೆರೆಗೆ ಬರುವ ಮೊದಲೇ ಸೋಂಕು ತಗುಲಿದವರು. ಮಾದಕದ್ರವ್ಯ ಚುಚ್ಚಿಕೊಳ್ಳುವವರು ಹಂಚಿಕೊಳ್ಳುವ ಸೂಜಿ, ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಶುದ್ಧಿಗೊಳಿಸದ ಸೂಜಿಯಿಂದ ಹಾಕಿಸಿಕೊಳ್ಳುವ ಹಚ್ಚೆ ಇವು ಸೋಂಕಿನ ದಾರಿಗಳು.

ಇದೇ ದಾರಿಗಳಲ್ಲಿ ಹೆಪಟೈಟಿಸ್ ಬಿ ಎಂಬ, ಯಕೃತ್ತಿಗೆ ಉರಿಯೂತ ತರುವ ವೈರಸ್ ಸಹ ಸಂಚರಿಸುತ್ತದೆ. ದೇಹದ ಹೊರಗೆ ಕನಿಷ್ಠ 7 ದಿನಗಳವರೆಗೆ ಬದುಕಿರಬಲ್ಲ ಶಕ್ತಿ ಅದಕ್ಕುಂಟು; ಆದಕಾರಣ ಹಲವರು ಬಳಸುವ ಒಂದೇ ಕ್ಷೌರದ ಅಲಗೂ ಅಪಾಯಕರ. ಆದರೆ ಜೊತೆಯಲ್ಲಿ ಕುಳಿತು ಉಣ್ಣುವುದರಿಂದಾಗಲಿ, ಕೈಕುಲುಕುವುದರಿಂದಾಗಲಿ, ಸೊಳ್ಳೆ ಕಚ್ಚುವುದರಿಂದಾಗಲಿ ಇವೆರಡೂ ಹರಡುವುದಿಲ್ಲ.

ಇವುಗಳ ಗಾತ್ರವನ್ನು ಊಹಿಸಿಕೊಳ್ಳೋಣ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರು. ಹೆಪಟೈಟಿಸ್ ಬಿ ಕಣದ ವ್ಯಾಸ ಸುಮಾರು 42 ನ್ಯಾನೋಮೀಟರು; ಎಚ್.ಐ.ವಿ.ಯದು ಸುಮಾರು 120. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅತಿ ಕಿರಿದಾದ ನೇರಿಳೆಯ ಅಲೆಯ ಉದ್ದವೇ ಸುಮಾರು 400 ನ್ಯಾನೋಮೀಟರು. ಅಲೆಗಿಂತ ಇಷ್ಟು ಚಿಕ್ಕ ವಸ್ತುವನ್ನು ಸಾಮಾನ್ಯ ಸೂಕ್ಷ್ಮದರ್ಶಕವು ತೋರಿಸಲಾರದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಒಂದು ಯಕೃತ್ತಿನ ಕೋಶಗಳಲ್ಲಿ ನೆಲೆಸುತ್ತದೆ. ಇನ್ನೊಂದು ದೇಹರಕ್ಷಣೆಯ ಮುಖ್ಯ ಬಿಳಿ ರಕ್ತಕಣಗಳನ್ನು ನಾಶಮಾಡುತ್ತದೆ. ಆರೋಗ್ಯವಂತ ವಯಸ್ಕರಿಗೆ ಹೆಪಟೈಟಿಸ್ ಬಿ ತಗುಲಿದರೆ ನೂರಕ್ಕೆ ಸುಮಾರು 95 ಮಂದಿಯ ದೇಹವು ತಾನಾಗಿಯೇ ಅದನ್ನು ಹೊರಗಟ್ಟುತ್ತದೆ. ಎಚ್.ಐ.ವಿ.ಯಿಂದ ರಕ್ಷಣಾಬಲ ಕುಂದಿದವರಲ್ಲಿ ಈ ಸಾಮರ್ಥ್ಯ ತಗ್ಗುತ್ತದೆ. ವೈರಸ್ ಬೇರೂರಿ, ಯಕೃತ್ತು ಗಟ್ಟಿಯಾಗಿ ಸುಕ್ಕುಗಟ್ಟುವುದು ಬೇಗನೆ ಸಂಭವಿಸುತ್ತದೆ.

ಅದೃಷ್ಟವಶಾತ್ ಇವೆರಡಕ್ಕೂ ಸಮಾನವಾದ ಒಂದು ದೌರ್ಬಲ್ಯವುಂಟು. ಜೀವಕೋಶದಲ್ಲಿ ಸಾಮಾನ್ಯವಾಗಿ ಡಿ.ಎನ್.ಎ. ಎಂಬ ಮೂಲ ಓಲೆಯಿಂದ ಆರ್.ಎನ್.ಎ. ಎಂಬ ಪ್ರತಿ ತಯಾರಾಗುತ್ತದೆ. ಈ ವೈರಸ್‌ಗಳಾದರೋ ಪ್ರತಿಯಿಂದ ಮೂಲವನ್ನೇ ಬರೆಯುತ್ತವೆ. ಹೀಗೆ ಹಿಮ್ಮುಖವಾಗಿ ಬರೆಯುವ ಲಿಪಿಕಾರನಂತಹ ಕಿಣ್ವವೊಂದನ್ನು 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಎಂಬ ವಿಜ್ಞಾನಿಗಳು ಪ್ರತ್ಯೇಕವಾಗಿ ಇತರ ವೈರಸ್‌ಗಳಲ್ಲಿ ಕಂಡುಹಿಡಿದರು. ಟೆನೊಫೋವಿರ್ ಮತ್ತು ಲ್ಯಾಮಿವುಡಿನ್ ಎಂಬ ಔಷಧಗಳು ಈ ಲಿಪಿಕಾರನಿಗೆ ಒದಗಿಸಿದ ಹುಸಿ ಅಕ್ಷರಗಳು. ಅವನ್ನು ಜೋಡಿಸಿದ ಬಳಿಕ ಮುಂದಿನ ಅಕ್ಷರ ಕೂಡಿಕೊಳ್ಳದು. ಬರವಣಿಗೆ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಿ ಅದೇ ಔಷಧ ಎರಡು ವೈರಸ್‌ಗಳನ್ನೂ ಅಡಗಿಸುತ್ತದೆ. ಎಚ್.ಐ.ವಿ. ಚಿಕಿತ್ಸೆಯನ್ನು ಭಾರತ ಸರ್ಕಾರವು 2004ರಿಂದ ಉಚಿತವಾಗಿ ನೀಡುತ್ತಿದೆ. ಈಗ ಸಾಮಾನ್ಯವಾಗಿ ಕೊಡುವ ಮಾತ್ರೆಯಲ್ಲಿ ಈ ಎರಡರ ಜೊತೆಗೆ ಡಾಲ್ಯುಟೆಗ್ರವಿರ್ ಸಹ ಇದೆ.

ಆದರೆ ಇಲ್ಲಿಯೇ ಎರಡು ಅಪಾಯಗಳಿವೆ. ಹೆಪಟೈಟಿಸ್ ಮಾತ್ರ ತಿಳಿದು, ಎಚ್.ಐ.ವಿ. ಇರುವುದು ತಿಳಿಯದೆ ಟೆನೊಫೋವಿರ್ ಒಂದನ್ನೇ ಕೊಟ್ಟರೆ, ಎಚ್.ಐ.ವಿ.ಯು ಆ ಔಷಧಕ್ಕೆ ಜಗ್ಗದಂತಾಗಬಹುದು. ಆದ್ದರಿಂದ ಎರಡನ್ನೂ ಪರೀಕ್ಷಿಸಬೇಕು. ಎರಡನೆಯದು ಇನ್ನೂ ಗಂಭೀರವಾದುದು. ಹೆಪಟೈಟಿಸ್ ಬಿ ತನ್ನ ಡಿ.ಎನ್.ಎ.ಯನ್ನು ಯಕೃತ್ತಿನ ಕೋಶಕೇಂದ್ರದಲ್ಲಿ ಉಂಗುರದಂತೆ ಹುದುಗಿಸಿಟ್ಟಿರುತ್ತದೆ. ಔಷಧವು ಅದನ್ನು ಕಿತ್ತುಹಾಕಲಾರದು. ಮಾತ್ರೆ ಥಟ್ಟನೆ ನಿಂತರೆ ವೈರಸ್ ಮತ್ತೆ ಕೆರಳಿ ಉರಿಯೂತ ಭುಗಿಲೇಳುತ್ತದೆ. ಕೆಲವೊಮ್ಮೆ ಅದು ಪ್ರಾಣಾಂತಿಕವೂ ಆಗಬಹುದು.

ಬಂಧನ, ಬೇರೊಂದು ಸೆರೆಮನೆಗೆ ವರ್ಗಾವಣೆ, ಜಾಮೀನಿನ ಮೇಲೆ ಬಿಡುಗಡೆ ಇವುಗಳಲ್ಲಿ ಪ್ರತಿಯೊಂದೂ ಮಾತ್ರೆಯ ಸರಪಳಿ ಕಡಿಯಬಹುದಾದ ಸಂದರ್ಭ. ಸಂಜೆ ಹೊತ್ತು ಜಾಮೀನು ದೊರೆತು ಬರಿಗೈಯಲ್ಲಿ ಹೊರಬಂದವನಿಗೆ ಬಿಡುಗಡೆಯೇ ಕಂಟಕವಾಗಬಾರದು. ಕೈಯಲ್ಲಿ ಕೆಲವು ವಾರಗಳ ಮಾತ್ರೆ ಹಾಗೂ ಊರಿನ ಚಿಕಿತ್ಸಾ ಕೇಂದ್ರಕ್ಕೊಂದು ಪತ್ರ, ಇಷ್ಟಿದ್ದರೆ ಸರಪಳಿ ಉಳಿಯುತ್ತದೆ. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳೂ ಬಂದಿಗಳ ಚಿಕಿತ್ಸೆ ಮುರಿಯದೆ ನಡೆಯಬೇಕೆಂದು ವಿಧಿಸುತ್ತವೆ.

ಸೋಂಕಿಲ್ಲದವರಿಗೆ ಹೆಪಟೈಟಿಸ್ ಬಿ ಲಸಿಕೆಯುಂಟು. ಆರು ತಿಂಗಳೊಳಗೆ ಮೂರು ಚುಚ್ಚುಮದ್ದು. ಶಿಶುಗಳಿಗೆ ಈ ಲಸಿಕೆ ದೇಶದಾದ್ಯಂತ ವಿಸ್ತರಿಸಿದ್ದು 2011ರಲ್ಲಿ. ಆದ್ದರಿಂದ ಇಂದಿನ ವಯಸ್ಕ ಬಂದಿಗಳಲ್ಲಿ ಹೆಚ್ಚಿನವರಿಗೆ ಬಾಲ್ಯದಲ್ಲಿ ಅದು ದೊರೆತಿರಲಾರದು. ಪರೀಕ್ಷೆಯನ್ನು ಮಾತ್ರ ಬಲವಂತದಿಂದ ಮಾಡಲಾಗದು: ಎಚ್.ಐ.ವಿ. ಪರೀಕ್ಷೆಗೆ ಸಮ್ಮತಿಯೂ ಗೋಪ್ಯತೆಯೂ ಅಗತ್ಯವೆಂದು 2017ರ ಭಾರತದ ಕಾನೂನು ಹೇಳುತ್ತದೆ. ಗುಟ್ಟು ಬಯಲಾಗುವ ಭಯವಿದ್ದಲ್ಲಿ ಪರೀಕ್ಷೆಗೆ ಯಾರೂ ಮುಂದೆ ಬಾರರು.

ನ್ಯಾಯಾಲಯವು ಮನುಷ್ಯನಿಗೆ ವಿಧಿಸುವುದು ಸೆರೆವಾಸವನ್ನೇ ಹೊರತು ರೋಗವನ್ನಲ್ಲ. ಎರಡು ವೈರಸ್‌ಗಳನ್ನು ಒಂದೇ ಮಾತ್ರೆಯಿಂದ ಅಡಗಿಸುವ ಉಪಾಯವನ್ನು ವಿಜ್ಞಾನವು ಕೊಟ್ಟಿದೆ; ಆ ಮಾತ್ರೆ ಸೆರೆಮನೆಯ ಬಾಗಿಲಿನಲ್ಲಿ ನಿಂತುಹೋಗದಂತೆ ನೋಡಿಕೊಳ್ಳುವುದು ಸಮಾಜದ ಕೆಲಸ.