ಲಿನಕ್ಸ್ ಗಣಕದಲ್ಲಿ ಇ-ಮೇಲ್ ಮತ್ತು ದಿನಸೂಚಿ: ‘ಎವಲ್ಯೂಷನ್’ ತಂತ್ರಾಂಶದ ಬಳಕೆ ಹಾಗೂ ದೋಷ ಪರಿಹಾರ

ಖರೀದಿ ಆದೇಶ, ಬಿಲ್ಲು, ಸರಕಿನ ಗುಣಮಟ್ಟದ ಬಗ್ಗೆ ಆಕ್ಷೇಪಣೆ, ತೆರಿಗೆ ಇಲಾಖೆಯ ನೋಟಿಸು ಇವೆಲ್ಲವೂ ಇಂದು ಇ-ಮೇಲ್ ಮೂಲಕ ಬರುತ್ತವೆ. ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣದ ಟೊಮೆಟೊ ವರ್ತಕರಾಗಲಿ, ಶ್ರೀನಿವಾಸಪುರದ ಮಾವಿನ ಮಂಡಿಯವರಾಗಲಿ, ಮುಳಬಾಗಿಲಿನ ಸಗಟು ವ್ಯಾಪಾರಿಗಳಾಗಲಿ, ಮಾಲೂರು ಕೈಗಾರಿಕಾ ಪ್ರದೇಶದ ಸಣ್ಣ ತಯಾರಕರಾಗಲಿ, ಲೆಕ್ಕದ ಪುಸ್ತಕಗಳಷ್ಟೇ ಜೋಪಾನವಾಗಿ ಇ-ಮೇಲ್‌ಗಳನ್ನೂ ಕಾಪಾಡಿಕೊಳ್ಳಬೇಕಾಗಿದೆ. ಲಿನಕ್ಸ್ ಗಣಕ ಬಳಸುವವರಿಗೆ ಇದಕ್ಕೆ ಒದಗುವ ‘ಎವಲ್ಯೂಷನ್’ ತಂತ್ರಾಂಶದ ಬಳಕೆಯನ್ನೂ, ಅದರಲ್ಲಿ ತಲೆದೋರುವ ಸಾಮಾನ್ಯ ತೊಂದರೆಗಳ ಪರಿಹಾರವನ್ನೂ ಇಲ್ಲಿ ವಿವರಿಸಲಾಗಿದೆ.

ಇ-ಮೇಲ್ ಏಕೆ ದಾಖಲೆ?

ಕೇಂದ್ರ ಜಿ.ಎಸ್.ಟಿ. ಕಾಯ್ದೆ, 2017ರ 169ನೇ ಸೆಕ್ಷನ್ ಪ್ರಕಾರ, ನೋಂದಣಿಯಲ್ಲಿ ನೀಡಿದ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದು ನೋಟಿಸು ಜಾರಿಯ ಮಾನ್ಯ ವಿಧಾನಗಳಲ್ಲೊಂದು. ರಿಟರ್ನ್ ಸಲ್ಲಿಸದವರಿಗೆ 46ನೇ ಸೆಕ್ಷನ್ ಅಡಿ ಬರುವ ನೋಟಿಸಿನ ಗಡುವು 15 ದಿನಗಳು ಮಾತ್ರ. ‘ಇ-ಮೇಲ್ ನೋಡಲಿಲ್ಲ’ ಎಂಬ ಸಮಜಾಯಿಷಿ ಅಲ್ಲಿ ನಿಲ್ಲುವುದು ಕಷ್ಟ. ಕೆಲಸ ಬಿಟ್ಟುಹೋದ ಗುಮಾಸ್ತರ ವಿಳಾಸ ನೋಂದಣಿಯಲ್ಲಿ ಉಳಿದಿದ್ದರೆ ಮೊದಲು ಅದನ್ನು ಬದಲಿಸಿಕೊಳ್ಳಬೇಕು.

ತಯಾರಕರಿಗೆ ಇನ್ನೊಂದು ಕಾರಣವೂ ಉಂಟು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ ಅನ್ವಯ, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಖರೀದಿದಾರರು ಲಿಖಿತ ಒಪ್ಪಂದವಿದ್ದರೆ ಅದರಲ್ಲಿನ ದಿನಾಂಕದೊಳಗೆ, ಹೆಚ್ಚೆಂದರೆ 45 ದಿನಗಳೊಳಗೆ, ಹಣ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ ಸಲ್ಲುತ್ತದೆ. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ಸರಕನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಬಂದರೆ, ಆ ಆಕ್ಷೇಪಣೆಯನ್ನು ಪರಿಹರಿಸಿದ ದಿನದಿಂದ ಅವಧಿ ಎಣಿಕೆಯಾಗುತ್ತದೆ. ಆದ್ದರಿಂದ ಆಕ್ಷೇಪಣೆಯ ಇ-ಮೇಲ್ ಯಾವ ದಿನ ಬಂದಿತು, ಬರಲೇ ಇಲ್ಲವೇ ಎಂಬುದರ ಮೇಲೆ ಬಡ್ಡಿಯ ಹಕ್ಕು ನಿಲ್ಲಬಹುದು. (2021ರಲ್ಲಿ ಉದ್ಯಮ ನೋಂದಣಿಗೆ ಅವಕಾಶ ಪಡೆದ ಸಗಟು ಮತ್ತು ಚಿಲ್ಲರೆ ವರ್ತಕರಿಗೆ ದೊರೆತದ್ದು ಆದ್ಯತಾ ವಲಯದ ಸಾಲದ ಪ್ರಯೋಜನ ಮಾತ್ರ.)

ತಂತ್ರಾಂಶದ ಪರಿಚಯ

ಎವಲ್ಯೂಷನ್‌ನ ಮೊದಲ ಪೂರ್ಣ ಆವೃತ್ತಿ 2001ರ ಡಿಸೆಂಬರ್‌ನಲ್ಲಿ ಝಿಮಿಯನ್ ಸಂಸ್ಥೆಯಿಂದ ಹೊರಬಂದಿತು. 2003ರಲ್ಲಿ ಆ ಸಂಸ್ಥೆಯನ್ನು ನೋವೆಲ್ ಕೊಂಡುಕೊಂಡಿತು. 2004ರಲ್ಲಿ ಈ ತಂತ್ರಾಂಶ ಗ್ನೋಮ್ ಸಮೂಹದ ಅಂಗವಾಯಿತು. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಇ-ಮೇಲ್, ದಿನಸೂಚಿ, ವಿಳಾಸ ಪುಸ್ತಕ ಮತ್ತು ಮಾಡಬೇಕಾದ ಕೆಲಸಗಳ ಪಟ್ಟಿ ಇವು ನಾಲ್ಕೂ ಒಂದೇ ಕಿಟಕಿಯಲ್ಲಿ ದೊರೆಯುತ್ತವೆ.

ಖಾತೆ ತೆರೆಯುವಾಗ ‘ಐಮ್ಯಾಪ್’ ಮತ್ತು ‘ಪಾಪ್’ ಎಂಬ ಎರಡು ವಿಧಾನಗಳು ಎದುರಾಗುತ್ತವೆ. ಐಮ್ಯಾಪ್‌ನಲ್ಲಿ ಪತ್ರಗಳು ಸೇವಾದಾರರ ಸರ್ವರ್‌ನಲ್ಲಿಯೇ ಉಳಿದು ಕಚೇರಿಯ ಗಣಕದಲ್ಲೂ ಮೊಬೈಲ್‌ನಲ್ಲೂ ಒಂದೇ ರೀತಿ ಕಾಣುತ್ತವೆ. ಪಾಪ್‌ನಲ್ಲಿ ಅವು ಗಣಕಕ್ಕೆ ಇಳಿದು ಬರುತ್ತವೆ. ‘ಸರ್ವರ್‌ನಲ್ಲಿ ಉಳಿಸು’ ಎಂಬ ಆಯ್ಕೆಯನ್ನು ಗುರುತಿಸದಿದ್ದರೆ ಬೇರೆಡೆ ಕಾಣಿಸುವುದಿಲ್ಲ. ಇಬ್ಬರು ಮೂವರು ನೋಡುವ ಖಾತೆಗೆ ಐಮ್ಯಾಪ್ ಸೂಕ್ತ. ಪತ್ರಗಳ ಪ್ರತಿಯನ್ನು ಗಣಕದಲ್ಲೂ ಇರಿಸುವ ಆಯ್ಕೆಯನ್ನು ಗುರುತಿಸಿದರೆ, ಅಂತರ್ಜಾಲ ಕಡಿತಗೊಂಡಾಗಲೂ ಹಳೆಯ ಪತ್ರಗಳನ್ನು ಓದಬಹುದು.

ದಿನಸೂಚಿಯ ಬಳಕೆ

ಪ್ರತಿ ತಿಂಗಳ 7 (ಟಿ.ಡಿ.ಎಸ್.), 11 (ಜಿ.ಎಸ್.ಟಿ.ಆರ್.-1), 15 (ಭವಿಷ್ಯನಿಧಿ, ಇ.ಎಸ್.ಐ.) ಮತ್ತು 20 (ಜಿ.ಎಸ್.ಟಿ.ಆರ್.-3ಬಿ) ಇವನ್ನು ಪುನರಾವರ್ತಿತ ನಮೂದುಗಳಾಗಿ ಒಮ್ಮೆ ಬರೆದಿಟ್ಟು, ಮೂರು ದಿನ ಮುಂಚಿತವಾಗಿ ಜ್ಞಾಪನೆ ಬರುವಂತೆ ಮಾಡಿಕೊಂಡರೆ ವರ್ಷವಿಡೀ ಸಾಕು. ಮಾರ್ಚ್ ತಿಂಗಳ ಟಿ.ಡಿ.ಎಸ್.ಗೆ ಏಪ್ರಿಲ್ 30 ಎಂದು ಪ್ರತ್ಯೇಕವಾಗಿ ನಮೂದಿಸಬೇಕು. ಬಿಲ್ಲಿನ ಇ-ಮೇಲ್ ಕಳುಹಿಸಿದೊಡನೆ ಹಣ ಬರಬೇಕಾದ ದಿನವನ್ನೂ, ನೋಟಿಸು ಬಂದೊಡನೆ ಉತ್ತರದ ಗಡುವನ್ನೂ ಬರೆದಿಡುವುದು ಲೇಸು. ‘ಮೆಸೇಜ್’ ಪಟ್ಟಿಯಿಂದಲೇ ಪತ್ರವನ್ನು ದಿನಸೂಚಿಯ ನಮೂದಾಗಿ ಮಾಡಿಕೊಳ್ಳಬಹುದು.

ಸಾಮಾನ್ಯ ತೊಂದರೆಗಳು

1. ಪತ್ರ ಬರುತ್ತಿಲ್ಲ: ಕಿಟಕಿಯ ಕೆಳ ಎಡಮೂಲೆಯ ಚಿಹ್ನೆಯನ್ನು ನೋಡಿ, ತಂತ್ರಾಂಶ ‘ಆಫ್‌ಲೈನ್’ ಆಗಿದೆಯೇ ಎಂದು ಮೊದಲು ಪರಿಶೀಲಿಸಬೇಕು. ಜಿ-ಮೇಲ್ ಖಾತೆ ಪದೇ ಪದೇ ಗುಪ್ತಪದ ಕೇಳಿದರೆ ಕಾರಣ ಬೇರೆ: ಇತರ ತಂತ್ರಾಂಶಗಳು ಬರಿಯ ಗುಪ್ತಪದದಿಂದ ಪ್ರವೇಶಿಸುವುದನ್ನು ಗೂಗಲ್ 2022ರಿಂದ ಹಂತಹಂತವಾಗಿ ನಿಲ್ಲಿಸಿತು. ಖಾತೆಯ ದೃಢೀಕರಣದಲ್ಲಿ ‘ಓ-ಆಥ್ 2’ ವಿಧಾನವನ್ನು ಆರಿಸಿ, ಗೂಗಲ್ ಪುಟದಲ್ಲಿ ಅನುಮತಿ ನೀಡಬೇಕು.

2. ಪತ್ರ ‘ಔಟ್‌ಬಾಕ್ಸ್’ನಲ್ಲೇ ಉಳಿದಿದೆ: ಕಳುಹಿಸುವ ಸರ್ವರ್‌ನ ಪೋರ್ಟ್ 25 ಎಂದಿದ್ದರೆ ಅನೇಕ ಅಂತರ್ಜಾಲ ಸೇವಾದಾರರು ಅದನ್ನು ತಡೆಯುತ್ತಾರೆ, 465 ಅಥವಾ 587 ಬಳಸಬೇಕು. ಲಗತ್ತುಗಳು ರವಾನೆಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುವುದರಿಂದ, ಭಾರಿ ನಕ್ಷೆಗಳನ್ನು ವಿಂಗಡಿಸಿ ಕಳುಹಿಸಬೇಕು.

3. ಪತ್ರ ಬಂದರೂ ಕಾಣುತ್ತಿಲ್ಲ: ‘ಜಂಕ್’ ಕಡತವನ್ನು ದಿನಕ್ಕೊಮ್ಮೆ ನೋಡಬೇಕು. ಅಲ್ಲಿ ಸಿಕ್ಕ ವ್ಯಾಪಾರದ ಪತ್ರವನ್ನು ‘ಜಂಕ್ ಅಲ್ಲ’ ಎಂದು ಗುರುತಿಸಬೇಕು.

4. ಜ್ಞಾಪನೆ ತಪ್ಪು ವೇಳೆಗೆ ಬರುತ್ತಿದೆ: ಐದೂವರೆ ಗಂಟೆಯ ವ್ಯತ್ಯಾಸವಿದ್ದರೆ ಸಮಯವಲಯ ‘ಏಷ್ಯಾ/ಕೋಲ್ಕತಾ’ ಆಗಿಲ್ಲವೆಂದು ತಿಳಿಯಬೇಕು. ಜ್ಞಾಪನೆ ಬಾರದೇ ಇದ್ದರೆ, ಆದ್ಯತೆಗಳಲ್ಲಿ ಆ ದಿನಸೂಚಿಯನ್ನು ಜ್ಞಾಪನೆಗೆ ಆಯ್ಕೆ ಮಾಡಲಾಗಿದೆಯೇ ನೋಡಬೇಕು.

5. ಕನ್ನಡ ಪತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು: ಕಳುಹಿಸಿದವರು ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದಿದ್ದಾರೆಂದು ಅರ್ಥ. ಯೂನಿಕೋಡ್‌ನಲ್ಲಿ ಕಳುಹಿಸಲು ಕೋರಬೇಕು. ಬರಿಯ ಚೌಕಗಳು ಕಂಡರೆ ಕನ್ನಡ ಅಕ್ಷರವಿನ್ಯಾಸವನ್ನು ಅಳವಡಿಸಬೇಕು.

6. ತಂತ್ರಾಂಶ ಸ್ತಬ್ಧವಾಗಿದೆ: ಟರ್ಮಿನಲ್‌ನಲ್ಲಿ ತಂತ್ರಾಂಶದ ಹೆಸರನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ಎರಡು ಅಡ್ಡಗೆರೆ, ‘ಫೋರ್ಸ್’, ಒಂದು ಅಡ್ಡಗೆರೆ, ‘ಶಟ್‌ಡೌನ್’ ಎಂದು ಬರೆದರೆ ಅದು ಪೂರ್ತಿ ಮುಚ್ಚಿಕೊಳ್ಳುತ್ತದೆ. ಬಳಿಕ ಮತ್ತೆ ತೆರೆಯಬೇಕು. ಗಾಬರಿಯಿಂದ ಕಡತಗಳನ್ನು ಅಳಿಸಬಾರದು.

ಪ್ರತಿ ತೆಗೆದಿಡುವುದು

‘ಫೈಲ್’ ಪಟ್ಟಿಯ ‘ಬ್ಯಾಕ್ ಅಪ್ ಎವಲ್ಯೂಷನ್ ಡೇಟಾ’ ಎಂಬ ಆಯ್ಕೆಯಿಂದ ಗಣಕದಲ್ಲಿರುವ ಪತ್ರಗಳು, ದಿನಸೂಚಿ, ವಿಳಾಸಗಳು ಮತ್ತು ಖಾತೆಯ ವಿವರಗಳು ಒಂದೇ ಕಡತವಾಗಿ ದೊರೆಯುತ್ತವೆ. ಆದರೆ ಅನೇಕರು ಗಮನಿಸದ ಅಂಶವೊಂದಿದೆ: ಐಮ್ಯಾಪ್ ಖಾತೆಯ ಪತ್ರಗಳು ಸರ್ವರ್‌ನಲ್ಲಿರುವುದರಿಂದ ಈ ಪ್ರತಿಯಲ್ಲಿ ಸೇರುವುದಿಲ್ಲ. ಸರ್ವರ್‌ನ ಖಾತೆ ಮುಚ್ಚಿದರೆ ಅಥವಾ ಯಾರಾದರೂ ಅಲ್ಲಿ ಅಳಿಸಿದರೆ ಅವು ಹೋದಂತೆಯೇ. ಆದ್ದರಿಂದ ‘ಆನ್ ದಿಸ್ ಕಂಪ್ಯೂಟರ್’ ಎಂಬಲ್ಲಿ ಆಯಾ ಆರ್ಥಿಕ ವರ್ಷದ ಹೆಸರಿನ ಕಡತ ತೆರೆದು, ಆದೇಶ, ಆಕ್ಷೇಪಣೆ, ನೋಟಿಸುಗಳನ್ನು ಅದಕ್ಕೆ ನಕಲು ಮಾಡಿ, ಆ ಮೇಲೆಯೇ ಪ್ರತಿ ತೆಗೆಯಬೇಕು. ಗುಪ್ತಪದಗಳು ಪ್ರತಿಯಲ್ಲಿ ಇರುವುದಿಲ್ಲವಾದ್ದರಿಂದ ಅವನ್ನು ಬೇರೆಯಾಗಿ ಕಾಪಾಡಬೇಕು.

ಜಿ.ಎಸ್.ಟಿ. ಕಾಯ್ದೆಯ 36ನೇ ಸೆಕ್ಷನ್ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಉಳಿಸಬೇಕೆನ್ನುತ್ತದೆ. ನಿಯಮ 57 ವಿದ್ಯುನ್ಮಾನ ದಾಖಲೆಗಳ ಪ್ರತಿ ಕಾಪಾಡಬೇಕೆನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅಡಿ ಇ-ಮೇಲ್‌ನ ಮುದ್ರಿತ ಪ್ರತಿಯನ್ನು ನ್ಯಾಯಾಲಯದ ಮುಂದಿಡಲು ಪ್ರಮಾಣಪತ್ರ ಬೇಕು. ಹೀಗಾಗಿ ಕಾಗದದ ಪ್ರತಿಯೊಂದೇ ಸಾಲದು. ಮೂಲ ಇ-ಮೇಲ್ ಉಳಿದಿರಬೇಕು. ತಿಂಗಳಿಗೊಮ್ಮೆ, 20ರ ರಿಟರ್ನ್ ಸಲ್ಲಿಸಿದ ದಿನವೇ, ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದು ಅಂಗಡಿಯಿಂದ ಹೊರಗೆ ಇಡುವ ರೂಢಿ ಮಾಡಿಕೊಂಡಲ್ಲಿ, ಗಣಕ ಕೆಟ್ಟರೂ ಬರಬೇಕಾದ ಹಣದ ದಾಖಲೆ ಕೈತಪ್ಪುವುದಿಲ್ಲ.