ಕುಡಿ ಚಿವುಟಿದ ಮೇಲೆ

ಶ್ರಾವಣದ ಹೊತ್ತಿಗೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದ ಎರೆಹೊಲಗಳಲ್ಲಿ ತೊಗರಿ ಮೊಣಕಾಲು ದಾಟುತ್ತಿರುತ್ತದೆ. ಬಿತ್ತಿದ 45–50 ದಿನಕ್ಕೆ ಆಳುಗಳು ಸಾಲು ಹಿಡಿದು ನಡೆಯುತ್ತ ಪ್ರತಿ ಗಿಡದ ತುದಿ ಕುಡಿಯನ್ನು ಚಿವುಟಿ ಹಾಕುತ್ತಾರೆ. ಈಚೆಗೆ ಬ್ಯಾಟರಿಯಿಂದ ತಿರುಗುವ ಸಣ್ಣ ಯಂತ್ರವೂ ಬಂದಿದೆ. ಗೊತ್ತಿಲ್ಲದವರಿಗೆ ಇದು ಹುಲುಸಾಗಿ ಬೆಳೆಯುತ್ತಿರುವ ಬೆಳೆಯ ಮೇಲೆ ಸಿಟ್ಟು ತೀರಿಸಿಕೊಂಡಂತೆ ಕಾಣಬಹುದು. ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಏಳಗೊಡದೆ ಅದುಮಿಟ್ಟಿರುತ್ತದೆ. ಕುಡಿ ಹೋದರೆ ಆ ಹಿಡಿತ ಸಡಿಲಾಗಿ ಪಕ್ಕದ ಟೊಂಗೆಗಳು ಒಡೆಯುತ್ತವೆ, ಗಿಡ ಎತ್ತರ ಹೋಗುವುದನ್ನು ಬಿಟ್ಟು ಹರಡಿಕೊಳ್ಳುತ್ತದೆ. ಟೊಂಗೆ ಹೆಚ್ಚಾದಷ್ಟೂ ಹೂವು, ಕಾಯಿ ಹೆಚ್ಚು. ಆದರೆ ಇದಕ್ಕೆ ಎರಡು ಷರತ್ತುಗಳಿವೆ. ಹೂಮೊಗ್ಗು ಕಾಣಿಸಿಕೊಂಡ ಮೇಲೆ ಚಿವುಟಿದರೆ ಲಾಭಕ್ಕಿಂತ ಲುಕ್ಸಾನೇ ಜಾಸ್ತಿ. ನೆಲದಲ್ಲಿ ಹಸಿ ಇಲ್ಲದಾಗ ಚಿವುಟಿದರೆ ಚಿಗುರುವ ತ್ರಾಣವಿಲ್ಲದೆ ಗಿಡ ಸೊರಗುತ್ತದೆ. ಚಿವುಟಿದ್ದು ಒಂದೇ ಕೈ, ಒಂದೇ ಕುಡಿ. ಫಲ ಮಾತ್ರ ಯಾವಾಗ ಚಿವುಟಿದರು, ಆಮೇಲೆ ಮಳೆ ಬಂತೇ ಎಂಬುದರ ಮೇಲೆ ನಿಂತಿರುತ್ತದೆ.

ಮನುಷ್ಯರ ವಿಷಯಕ್ಕೆ ಬಂದಾಗ ನಾವು ಈ ಷರತ್ತುಗಳನ್ನು ಮರೆತೇಬಿಡುತ್ತೇವೆ. ಕಷ್ಟ ಬಂದರೆ ಬುದ್ಧಿ ಬರುತ್ತದೆ, ಬಿಸಿಲನಾಡಿನ ಮಂದಿ ಗಟ್ಟಿಗರು, ಬರ ಕಂಡವರಿಗೆ ಬದುಕಿನ ಬೆಲೆ ಗೊತ್ತು – ಇಂಥ ಮಾತುಗಳು ಭಾಷಣದಲ್ಲಿ ಚಪ್ಪಾಳೆ ಗಿಟ್ಟಿಸುತ್ತವೆ. ಗಿಡದ ಉದಾಹರಣೆ ಮನುಷ್ಯನ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ, ನಿಜ. ಆದರೆ ಒಂದು ಪ್ರಶ್ನೆಯನ್ನಂತೂ ಎತ್ತಿಕೊಡುತ್ತದೆ. ವಯಸ್ಕರ ಬದುಕಿನಲ್ಲಿ ಒತ್ತಡ ಯಾವಾಗ ವಿವೇಕವಾಗಿ ಮಾಗುತ್ತದೆ, ಯಾವಾಗ ಬರೀ ಸವೆತವಾಗುತ್ತದೆ? ಕಳೆದ ಐವತ್ತು–ಅರವತ್ತು ವರ್ಷಗಳ ಸಂಶೋಧನೆ ಓದಿದರೆ ನನಗೆ ಕಾಣುವ ಉತ್ತರ ಇದು: ಕಷ್ಟ ತಾನಾಗಿ ಏನನ್ನೂ ಕಲಿಸುವುದಿಲ್ಲ, ಕಷ್ಟದ ನಡುವೆ ನಮ್ಮ ಕೈ ಎಷ್ಟು ನಡೆಯಿತು, ಆಮೇಲೆ ಎಷ್ಟು ಬಿಡುವು ಸಿಕ್ಕಿತು ಎಂಬುದು ಕಲಿಸುತ್ತದೆ.

ಮೊದಲು ಮೈಯ ಲೆಕ್ಕ ನೋಡೋಣ. ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಸುರಿಸುತ್ತವೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಗಮನ ಚುರುಕಾಗುತ್ತದೆ, ಆ ಗಳಿಗೆಯ ನೆನಪು ಗಟ್ಟಿಯಾಗಿ ಅಚ್ಚೊತ್ತುತ್ತದೆ. ಅಪಾಯ ಕಳೆದರೆ ಎಲ್ಲವೂ ಇಳಿಯಬೇಕು. ಇಳಿಯದೇ ಹೋದರೆ ಕಾಪಾಡಲು ಬಂದ ರಸವೇ ರಕ್ತನಾಳ, ರೋಗನಿರೋಧಕ ಶಕ್ತಿ, ಮಿದುಳು ಎಲ್ಲವನ್ನೂ ಸವೆಸುತ್ತ ಹೋಗುತ್ತದೆ. ಅಮೆರಿಕದ ನರವಿಜ್ಞಾನಿ ಬ್ರೂಸ್ ಮೆಕ್‌ಈವನ್ 1990ರ ದಶಕದಲ್ಲಿ ಈ ಸವೆತಕ್ಕೆ ಅಲೋಸ್ಟಾಟಿಕ್ ಲೋಡ್ ಎಂದು ಹೆಸರಿಟ್ಟರು. ಮೈ ಹೊರುವ ಒತ್ತಡದ ಹೊರೆ ಎಂದು ತಿಳಿದುಕೊಳ್ಳಬಹುದು. ಇದರ ಒಂದು ಮುಖ್ಯ ಅಧ್ಯಾಯ ಬರೆದದ್ದು ನಮ್ಮದೇ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ. ಅಲ್ಲಿ ಸುಮಂತ್ರ ಚಟ್ಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಇರಿಸಿ ಅವುಗಳ ಮಿದುಳು ಪರೀಕ್ಷಿಸಿದರು. ನೆನಪು, ಕಲಿಕೆಯ ಕೆಲಸ ಮಾಡುವ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯವನ್ನು ಸಂಭಾಳಿಸುವ ಅಮಿಗ್ಡಲಾದಲ್ಲಿ ಅವೇ ಕವಲುಗಳು ಹಬ್ಬಿದ್ದವು. 2002ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕಿಂತ ಮುಂದಿನದ್ದು ಇನ್ನೂ ಕುತೂಹಲಕರ. ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟಾಗ ಹಿಪೊಕ್ಯಾಂಪಸ್ ಮೊದಲಿನಂತಾಯಿತು, ಅಮಿಗ್ಡಲಾದಲ್ಲಿ ಹಬ್ಬಿದ ಕವಲುಗಳು ಹಾಗೇ ಉಳಿದವು. ಅಂದರೆ ಎಡೆಬಿಡದ ಒತ್ತಡ ಏನನ್ನೂ ಕಲಿಸುವುದಿಲ್ಲ ಎನ್ನುವಂತಿಲ್ಲ. ಅದು ಕಲಿಸುತ್ತದೆ, ಆದರೆ ಹೆದರುವುದನ್ನು. ಬಿಡುವು ಸಿಕ್ಕರೂ ಆ ಪಾಠ ಬೇಗ ಅಳಿಸುವುದಿಲ್ಲ.

ಹಾಗಾದರೆ ಕಷ್ಟವೇ ಕಾಣದ ಬದುಕು ಒಳ್ಳೆಯದೇ? ಅದೂ ಅಷ್ಟು ನೇರವಲ್ಲ. ಮಾರ್ಕ್ ಸೀರಿ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 2,398 ಜನರನ್ನು ಹಿಂಬಾಲಿಸಿ, ಸಾವು, ಕಾಯಿಲೆ, ಹಿಂಸೆ, ವಿಕೋಪ ಮುಂತಾದ 37 ಬಗೆಯ ಆಘಾತಗಳಲ್ಲಿ ಯಾರಿಗೆ ಎಷ್ಟು ಒದಗಿದ್ದವು ಎಂದು ಲೆಕ್ಕ ಹಾಕಿದರು. ಬಹಳ ಆಘಾತ ಕಂಡವರು ಸಹಜವಾಗಿಯೇ ಹೆಚ್ಚು ಬಳಲಿದ್ದರು. ಆದರೆ ಒಂದೂ ಆಘಾತ ಕಾಣದವರಿಗಿಂತ ಕೆಲವನ್ನು ಕಂಡವರೇ ಹೊಸ ಕಷ್ಟ ಬಂದಾಗ ಚೆನ್ನಾಗಿ ತಡೆದುಕೊಂಡರು. ಇದನ್ನು ಹಿಡಿದು ಮಕ್ಕಳಿಗೆ ಬೇಕೆಂದೇ ಕಷ್ಟ ಕೊಡಬೇಕು ಎನ್ನುವವರುಂಟು. ಸಂಶೋಧನೆ ಹಾಗೆ ಹೇಳಿಲ್ಲ. ಕೆಲವೇ ಕಷ್ಟ ಕಂಡವರ ಬಳಿ ಅದನ್ನು ದಾಟುವ ಸಾಧನಗಳೂ ಇದ್ದಿರಬಹುದಲ್ಲ.

ಈ ಸಾಧನ ಎಂಬುದೇನು ಎಂಬುದಕ್ಕೆ ಸ್ಟೀವನ್ ಮೈಯರ್ ಮತ್ತು ಮಾರ್ಟಿನ್ ಸೆಲಿಗ್ಮನ್ ಅವರ ಕೆಲಸ ಬೆಳಕು ಚೆಲ್ಲುತ್ತದೆ. 1967ರಲ್ಲಿ ಅವರು ನಾಯಿಗಳ ಮೇಲೆ ಪ್ರಯೋಗ ಮಾಡಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ತಿಂದ ಪ್ರಾಣಿ ಮುಂದೆ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದರೂ ಸುಮ್ಮನೆ ಬಿದ್ದುಕೊಳ್ಳುತ್ತದೆ ಎಂದು ತೋರಿಸಿದ್ದರು. ಅಸಹಾಯಕತೆಯನ್ನು ಪ್ರಾಣಿ ಕಲಿಯುತ್ತದೆ ಎಂದು ಆಗ ಬರೆದರು. ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಾವೇ ತಿರುಗಿಸಿದರು. ದೀರ್ಘ ಆಘಾತಕ್ಕೆ ಕೈಚೆಲ್ಲುವುದು ಮಿದುಳಿನ ಹುಟ್ಟು ಸ್ವಭಾವ, ಕಲಿಯಬೇಕಾದ್ದು ‘ನನ್ನ ಕೈಯಲ್ಲಿ ಏನೋ ಇದೆ’ ಎಂಬುದನ್ನು. ಆ ಅರಿವು ಹಣೆಯ ಹಿಂದಿನ ಮಿದುಳಿನ ಭಾಗದಲ್ಲಿ ಮೂಡುತ್ತದೆ, ಅಲ್ಲಿಂದ ಇಳಿದು ಭಯದ ಸರ್ಕೀಟನ್ನು ತಣ್ಣಗಾಗಿಸುತ್ತದೆ. ಒಮ್ಮೆ ಆಘಾತವನ್ನು ತಾನೇ ನಿಲ್ಲಿಸಿ ಅಭ್ಯಾಸವಾದ ಪ್ರಾಣಿ ಮುಂದಿನ ಸಲ ನಿಲ್ಲಿಸಲಾಗದ ಆಘಾತ ಬಂದರೂ ಕುಸಿಯುವುದು ಕಡಿಮೆ.

ಈ ಕಣ್ಣಿನಿಂದ ಕಲಬುರಗಿ ಜಿಲ್ಲೆಯ ಪೂರ್ವಭಾಗ ನೋಡಿದರೆ ಒಂದೊಂದು ಕಷ್ಟದ ಜಾತಿ ಬೇರೆ ಎಂಬುದು ತಿಳಿಯುತ್ತದೆ. ಭೀಮಾ ನದಿಗೆ ಮೇಲಿನ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಸುದ್ದಿ ಮೊದಲು ಬರುತ್ತದೆ, ನದಿ ಆಮೇಲೆ ಏರುತ್ತದೆ. 2020ರ ಅಕ್ಟೋಬರ್‌ನ ಪ್ರವಾಹ ಭಾರಿಯಾಗಿತ್ತು. ಆದರೂ ದನ ಬಿಚ್ಚಲು, ಕಾಳಿನ ಚೀಲ ಎತ್ತಿಡಲು ನದಿದಂಡೆಯವರಿಗೆ ಅಷ್ಟೋ ಇಷ್ಟೋ ಹೊತ್ತಿರುತ್ತದೆ. ಮರುವರ್ಷ, 2021ರ ಅಕ್ಟೋಬರ್‌ನಲ್ಲಿ, ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನಡೆದದ್ದು ಇನ್ನೊಂದು ಬಗೆ. ನೆಲದೊಳಗಿಂದ ಗುಡುಗಿದಂಥ ಸದ್ದು, ಮೇಲಿಂದ ಮೇಲೆ ಕಂಪನ, ಅವುಗಳಲ್ಲಿ ದೊಡ್ಡದು ರಿಕ್ಟರ್ 4ರ ಆಸುಪಾಸಿನದು. ಮಾಪಕದ ಲೆಕ್ಕದಲ್ಲಿ ಇದು ಸಣ್ಣ ಭೂಕಂಪ. ಆದರೂ ಮಂದಿ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದರು, ಹಲವರು ನೆಂಟರ ಊರಿಗೆ ಹೊರಟರು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಸುಮಾರು 10 ಸಾವಿರ ಜನ ಸತ್ತದ್ದು ಈ ಸೀಮೆಗೆ ದೂರದ ಸುದ್ದಿಯಲ್ಲ. ಕಲ್ಲುಮಣ್ಣಿನ ಭಾರದ ಮಾಳಿಗೆ ಮನೆಗಳೇ ಅಲ್ಲಿ ಜೀವ ತೆಗೆದಿದ್ದವು. ಗಡಿಕೇಶ್ವರದಲ್ಲಿ ಜನರನ್ನು ಹಣ್ಣು ಮಾಡಿದ್ದು ಕಂಪನದ ಬಲಕ್ಕಿಂತ ಅದು ಮತ್ತೆ ಯಾವಾಗ ಎಂಬುದು ತಿಳಿಯದಿದ್ದದ್ದು, ತಿಳಿದರೂ ಮಾಡಲು ಏನೂ ಇಲ್ಲದಿದ್ದದ್ದು. ಹೀಗಾಗಿ ಕಂಪನ ಏಕೆ ಬರುತ್ತದೆ ಎಂದು ಊರಿಗೆ ಬಂದು ವಿವರಿಸುವುದು, ಒಂದು ತಗಡಿನ ಶೆಡ್ ಹಾಕಿಕೊಡುವುದು ಬರೀ ಸಮಾಧಾನದ ಕೆಲಸವಲ್ಲ. ಕೈಗೆ ಏನಾದರೂ ಸಿಕ್ಕಿತು ಎಂದು ಮಿದುಳಿಗೆ ಗೊತ್ತಾಗುವುದು ಅಲ್ಲಿಯೇ.

ಮೂರನೆಯ ಜಾತಿಯ ಕಷ್ಟ ಸದ್ದು ಮಾಡುವುದಿಲ್ಲ. ಅದು ಸಾಲ. 2022ರಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದು, ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗಿ ನಿಂತಿತ್ತು. ಬೀಜ, ಗೊಬ್ಬರ, ಔಷಧಕ್ಕೆ ಹಾಕಿದ ದುಡ್ಡು ಹೋಯಿತು. ಅದಾದ ಮೇಲೆ ಬಡ್ಡಿಯ ಲೆಕ್ಕ ತಲೆಯಲ್ಲಿ ಇಡೀ ವರ್ಷ ತಿರುಗುತ್ತದೆ. ಈ ತಿರುಗಾಟಕ್ಕೆ ಬೆಲೆ ಉಂಟು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿನ ಮೊದಲು ಕೈ ಬರಿದಾಗಿದ್ದಾಗ ಒಮ್ಮೆ, ಹಣ ಬಂದ ಮೇಲೆ ಒಮ್ಮೆ ಬುದ್ಧಿಶಕ್ತಿಯ ಪರೀಕ್ಷೆ ಕೊಟ್ಟ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದೇ ರೈತ, ಅದೇ ತಲೆ. ಆದರೆ ಕಟಾವಿನ ಮೊದಲು ಫಲಿತಾಂಶ ಕಳಪೆ. ಕೊರತೆ ಗಮನವನ್ನೇ ತಿಂದುಹಾಕುತ್ತದೆ ಎಂದು ಸಂಶೋಧಕರು ವಿವರಿಸಿದರು. ಬಡತನ ವಿವೇಕ ಕಲಿಸುತ್ತದೆ ಎನ್ನುವವರು ಈ ಫಲಿತಾಂಶದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ವಿವೇಕಕ್ಕೆ ಬೇಕಾದ ಮೊದಲ ಸಾಮಾನು ನಿಧಾನ. ಸಾಲ ಕಸಿದುಕೊಳ್ಳುವುದೂ ಅದನ್ನೇ.

ಇಷ್ಟಕ್ಕೂ ವಿವೇಕ ಎಂದರೇನು ಎಂಬ ಆಕ್ಷೇಪ ಇಲ್ಲಿ ಏಳಬಹುದು, ಅದನ್ನು ಅಳೆಯಲಾದೀತೇ? ಬರ್ಲಿನ್‌ನ ಪಾಲ್ ಬಾಲ್ಟಿಸ್ ಮತ್ತು ಬಳಗ 1980ರ ದಶಕದಿಂದ ಇದಕ್ಕೆ ಒಂದು ದಾರಿ ಹುಡುಕಿದರು. ಬಿಕ್ಕಟ್ಟಿನಲ್ಲಿ ಸಿಲುಕಿದ ಕಾಲ್ಪನಿಕ ವ್ಯಕ್ತಿಯ ಕಥೆ ಹೇಳಿ, ಆತ ಏನು ಮಾಡಬೇಕು ಎಂದು ಜನರಿಗೆ ಕೇಳುವುದು. ಉತ್ತರದಲ್ಲಿ ಬದುಕಿನ ತಿಳಿವಳಿಕೆ, ಸಂದರ್ಭದ ಅರಿವು, ಬೇರೆಯವರ ಮೌಲ್ಯಗಳ ಬಗ್ಗೆ ತಾಳ್ಮೆ, ಅನಿಶ್ಚಿತತೆಯನ್ನು ಒಪ್ಪುವ ಗುಣ ಎಷ್ಟಿವೆ ಎಂದು ತೂಗುವುದು. ತರುಣಾವಸ್ಥೆ ಕಳೆದ ಮೇಲೆ ವಯಸ್ಸಿನ ಜೊತೆ ಈ ಅಂಕ ತಾನಾಗಿ ಏರುವುದಿಲ್ಲ ಎಂದು ಕಂಡಿತು. ಇಗೋರ್ ಗ್ರೋಸ್‌ಮನ್ 2010ರಲ್ಲಿ ಅಮೆರಿಕದಲ್ಲಿ ನೋಡಿದಾಗ ಜನರ ನಡುವಿನ ಜಗಳಗಳ ಬಗ್ಗೆ ವಯಸ್ಸಾದವರೇ ಮೇಲಾಗಿ ಯೋಚಿಸುತ್ತಿದ್ದರು. ಜಪಾನಿನಲ್ಲಿ ಅಷ್ಟು ವ್ಯತ್ಯಾಸ ಇರಲಿಲ್ಲ, ಅಲ್ಲಿಯ ತರುಣರಿಗೇ ಆ ಗುಣ ಇತ್ತು. ಬರೀ ವರ್ಷಗಳು ಮಾಗಿಸುವುದಾದರೆ ಎರಡು ದೇಶಗಳಲ್ಲಿ ಎರಡು ಫಲಿತಾಂಶ ಬರಬಾರದಿತ್ತು. 2014ರಲ್ಲಿ ಅವರೇ ಇನ್ನೊಂದು ತಮಾಷೆ ಕಂಡುಹಿಡಿದರು: ಅದೇ ಸಮಸ್ಯೆ ಗೆಳೆಯನದಾದರೆ ನಾವು ಜಾಣರು, ನಮ್ಮದಾದರೆ ದಡ್ಡರು, ವಯಸ್ಸು ಎಷ್ಟೇ ಇರಲಿ. ತನ್ನ ಸಂಗತಿಯನ್ನೇ ಬೇರೊಬ್ಬನದು ಎಂಬಂತೆ ದೂರ ನಿಂತು ನೋಡಲು ಹೇಳಿದಾಗ ಆ ಅಂತರ ಮಾಯವಾಯಿತು. ಅಗಸಿಕಟ್ಟೆಯ ಮೇಲೆ ಕೂತು ಮತ್ತೊಬ್ಬರ ಪಾಲಿನ ವ್ಯಾಜ್ಯವನ್ನು ಹದವಾಗಿ ಬಗೆಹರಿಸುವ ಹಿರಿಯ ತನ್ನ ತಮ್ಮನ ಜೊತೆಗಿನ ಬದುವಿನ ಜಗಳದಲ್ಲಿ ಮೂವತ್ತು ವರ್ಷ ಕೋರ್ಟಿಗೆ ಅಲೆಯುವುದು ಹಾಗಾದರೆ ಕಪಟವಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. 1972ರ ಬರ ಕಂಡು, ಜೋಳದ ಜಾಗದಲ್ಲಿ ಸಿಕ್ಕಿದ್ದು ತಿಂದು, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಬದುಕಿದ ಮುದುಕಿಯರು ಇವತ್ತಿಗೂ ಎಷ್ಟು ಗಟ್ಟಿ, ನೋಡಿ ಎನ್ನುತ್ತಾರೆ. ನಿಜವೇ. ಆದರೆ ನಾವು ನೋಡುತ್ತಿರುವುದು ಉಳಿದವರನ್ನು. ಮುರಿದವರು, ಬೇಗ ಹೋದವರು, ಮುಂಬೈಗೋ ಹೈದರಾಬಾದಿಗೋ ಗುಳೆ ಹೋಗಿ ಮರಳಿ ಬಾರದವರು ಕಟ್ಟೆಯ ಮೇಲೆ ಕೂತು ತಮ್ಮ ಕಥೆ ಹೇಳುವುದಿಲ್ಲ. ಉಳಿದವರು ‘ಆ ಕಷ್ಟವೇ ನನ್ನನ್ನು ಬೆಳೆಸಿತು’ ಎಂದಾಗಲೂ ತುಸು ಎಚ್ಚರ ಬೇಕು. ಪೆಟ್ರೀಶಿಯಾ ಫ್ರೇಜಿಯರ್ ತಂಡ 2009ರಲ್ಲಿ ವಿದ್ಯಾರ್ಥಿಗಳನ್ನು ಆಘಾತಕ್ಕೆ ಮೊದಲೇ ಒಮ್ಮೆ ಅಳೆದು, ಆಮೇಲೆ ಮತ್ತೊಮ್ಮೆ ಅಳೆದಾಗ, ಬೆಳೆದೆವು ಎಂದು ಹೇಳಿಕೊಂಡದ್ದಕ್ಕೂ ನಿಜವಾಗಿ ಆದ ಬದಲಾವಣೆಗೂ ಹೊಂದಿಕೆಯೇ ಇರಲಿಲ್ಲ. ಆ ಮಾತು ಸುಳ್ಳು ಎಂದಲ್ಲ. ನೋವಿಗೆ ಅರ್ಥ ಕಟ್ಟಿಕೊಳ್ಳುವುದು ಬದುಕುವ ಒಂದು ಉಪಾಯ. ಅದನ್ನು ನೋವಿನ ಲಾಭದ ಲೆಕ್ಕಪತ್ರ ಎಂದು ಓದಬಾರದು.

ಹಾಗಾದರೆ ಮನುಷ್ಯನ ಛಲಕ್ಕೆ ಏನೂ ಬೆಲೆಯಿಲ್ಲವೇ, ಎಲ್ಲವೂ ಹೊರಗಿನ ಮಳೆಯೇ? ಇದಕ್ಕೆ ಉತ್ತರ ದೀರ್ಘಕಾಲದ ಎರಡು ಅಧ್ಯಯನಗಳಲ್ಲಿದೆ. ಹವಾಯಿ ದ್ವೀಪಸಮೂಹದ ಕವಾಯಿಯಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಮನೆಯ ಜಗಳ, ಕುಡಿತದ ನಡುವೆ ಬೆಳೆದವರಲ್ಲಿ ಮೂರನೇ ಒಂದು ಪಾಲು ಚೆನ್ನಾಗಿಯೇ ಬೆಳೆದರು. ಅವರಿಗೆ ಕನಿಷ್ಠ ಒಬ್ಬ ಹಿರಿಯರ ಆಸರೆ ಇತ್ತು. ಹದಿಹರೆಯದಲ್ಲಿ ದಾರಿ ತಪ್ಪಿದ ಉಳಿದವರಲ್ಲಿ ಹೆಚ್ಚಿನವರು ಮೂವತ್ತು, ನಲವತ್ತರ ಹೊತ್ತಿಗೆ ಸುಧಾರಿಸಿಕೊಂಡಿದ್ದರು. ಬಾಗಿಲು ತೆರೆದದ್ದು ಮತ್ತೆ ಸೇರಿದ ಕಾಲೇಜು, ಸೈನ್ಯದ ಕೆಲಸ, ಒಳ್ಳೆಯ ಸಂಗಾತಿ. ಗ್ಲೆನ್ ಎಲ್ಡರ್ ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಮಹಾಕುಸಿತದ ಮಕ್ಕಳ ಬಗ್ಗೆ ಮಾಡಿದ ಅಧ್ಯಯನ ವಯಸ್ಸಿನ ಲೆಕ್ಕ ಸೇರಿಸುತ್ತದೆ. 1920–21ರಲ್ಲಿ ಹುಟ್ಟಿ ಆಗ ಹತ್ತರ ಆಸುಪಾಸಿನಲ್ಲಿದ್ದ ಮಕ್ಕಳು ಮನೆಗೆ ದುಡಿದು ಹೊಣೆ ಹೊತ್ತು ಗಟ್ಟಿಯಾದರು. 1928–29ರಲ್ಲಿ ಹುಟ್ಟಿ ಕೂಸುಗಳಾಗಿದ್ದವರಲ್ಲಿ ಗಂಡುಮಕ್ಕಳು ಹೆಚ್ಚು ಕುಗ್ಗಿದರು. ದೊಡ್ಡವರಿಗೆ ಕಷ್ಟದಲ್ಲಿ ಮಾಡಲು ಒಂದು ಕೆಲಸವಿತ್ತು, ಚಿಕ್ಕವರಿಗೆ ಇರಲಿಲ್ಲ. ಆ ಚಿಕ್ಕವರಲ್ಲಿಯೂ ಅನೇಕರು ಮುಂದೆ ಸೈನ್ಯ, ಓದು, ಉದ್ಯೋಗ ಸಿಕ್ಕಾಗ ಎದ್ದು ನಿಂತರು. ಛಲ ಇತ್ತು; ಹಿಡಿಯಲು ಒಂದು ಗೂಟ ಸಿಕ್ಕಾಗ ಅದು ಕಂಡಿತು.

ವಾಡಿ, ಶಹಾಬಾದಿನ ಸಿಮೆಂಟ್ ಕಾರ್ಖಾನೆ, ಪರ್ಸಿ ಕಲ್ಲಿನ ಗಣಿ, ರೈಲ್ವೆ ಜಂಕ್ಷನ್ ಸುತ್ತಲಿನ ಒಂದು ತಲೆಮಾರಿಗೆ ಇಂಥ ಗೂಟಗಳಾಗಿದ್ದವು, ದೂಳು ಮತ್ತು ರಾತ್ರಿ ಪಾಳಿಯ ಸವೆತದ ಸಮೇತ. ತಿಂಗಳ ಪಗಾರ ಎಂದರೆ ಮುಂದಿನ ತಿಂಗಳು ಏನು ಬರುತ್ತದೆ ಎಂದು ಗೊತ್ತಿರುವುದು. ಮಳೆ ನೋಡಿ ಬದುಕುವ ಮನೆಗೆ ಅದು ಸಣ್ಣ ಸಂಗತಿಯಲ್ಲ. ಇನ್ನೊಂದು ಗೂಟ ತಡವಾಗಿ ಬಂತು. ಈ ಭಾಗಕ್ಕೆ ಓದು, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ಕಲಂ ಜಾರಿಯಾದದ್ದು 2013ರಲ್ಲಿ. ಎಪ್ಪತ್ತೆರಡರ ಬರದಲ್ಲಿ ಐದು ವರ್ಷದವಳಿದ್ದ ಹುಡುಗಿಗೆ ಆಗ 46. ನೌಕರಿಯ ಅರ್ಜಿ ತುಂಬುವ ವಯಸ್ಸು ದಾಟಿತ್ತು. ಆಕೆ ತುಂಬಿಸಬಹುದಾಗಿದ್ದು ಮಗಳ ಕಾಲೇಜಿನ ಅರ್ಜಿಯನ್ನು.